ಗಾಳಿಯಲ್ಲಿಟ್ಟ ಮೇಜು

“ಮನವರಿಕೆ ಮಾಡಿಕೊಟ್ಟೆ, ಮೇಡಂ,” ಅಂದರು ಮೇಷ್ಟ್ರು, ಕರವಸ್ತ್ರದಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತ.

ಇನ್ಸ್‌ಪೆಕ್ಟರಮ್ಮನಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು.

“ಏನು ಮಾಡಿಕೊಟ್ರಿ?”

“ಮನವರಿಕೆ. ಅಂದ್ರೆ, ಒಪ್ಪಿಕೊಂಡರೆ ಏನಾಗುತ್ತೆ, ಒಪ್ಪದೆ ಹೋದರೆ ಏನಾಗುತ್ತೆ, ಅದೆಲ್ಲ ಅವಳ ಮನಸ್ಸಿಗೆ ಇಳಿಯೋ ಹಾಗೆ...”

“ಮನವರಿಕೆ ಅಂದ್ರೆ ಏನು ಅಂತ ನನಗೆ ಗೊತ್ತು ಮೇಷ್ಟ್ರೇ, ನಾನೂ ಶಾಲೆಗೆ ಹೋಗಿದ್ದೀನಿ. ನಮ್ಮ ಸಬ್‌ಇನ್ಸ್‌ಪೆಕ್ಟರು ಬೆಳಿಗ್ಗೆ ನಿಮ್ಮ ಕೈಗೆ ಕೊಟ್ಟಿದ್ದು ಒಂದು ಪ್ರಶ್ನೆ. ಮೊನ್ನೆ ಸಂಜೆ ಎಲ್ಲಿದ್ದಳು, ಕೇಳಿ ಅಂತ. ಕೇಳಬೇಕಿತ್ತು, ಅಷ್ಟೆ. ಅದನ್ನ ಆ ದಡಕ್ಕೆ ದಾಟಿಸೋದು, ಅವಳು ಕೊಟ್ಟಿದ್ದನ್ನ ಈ ದಡಕ್ಕೆ ದಾಟಿಸೋದು. ದೋಣಿಯವನ ಕೆಲಸ. ಎಲ್ಲಿ ಇಳೀಬೇಕು ಅಂತ ದೋಣಿಯವನು ಹತ್ತಿದವರಿಗೆ ಮನವರಿಕೆ ಮಾಡಿಕೊಡ್ತಾನಾ?”

ಮೇಷ್ಟ್ರು ನಕ್ಕರು. ತಪ್ಪು ಉತ್ತರ ಬರೆದ ಮಗುವಿನ ಪಾಟಿ ನೋಡಿ ನಗುವ ಹಾಗೆ. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಇಬ್ಬರ ನಡುವೆ ಸ್ಟೂಲಿನ ಮೇಲೆ ಚುಕ್ಕಿ ಕೂತಿದ್ದಳು. ಹುಟ್ಟಿದಾಗಿನಿಂದ ಕಿವಿ ಕೇಳದ, ಮಾತು ಬಾರದ ಹುಡುಗಿ. ಗಾಜಿನಲ್ಲಿ ಒಂದು ಚುಕ್ಕಿಯಷ್ಟು ಕಲೆ, ಕೂದಲೆಳೆಯಷ್ಟು ಗೀರಿದ್ದರೂ ಹಿಡಿದು ಎತ್ತಿ ತೋರಿಸುತ್ತಿದ್ದಳಂತೆ, ಅದಕ್ಕೇ ಅವಳು ಕೆಲಸ ಮಾಡುವ ಕಾರ್ಖಾನೆಯವರು ಇಟ್ಟ ಹೆಸರು ಅದು. ಈಗ ಆ ಕಣ್ಣು ಇವರ ತುಟಿಯಿಂದ ಅವರ ತುಟಿಗೆ, ಅವರ ತುಟಿಯಿಂದ ಇವರ ತುಟಿಗೆ ಓಡಾಡುತ್ತಿತ್ತು. ತನ್ನ ಬಾಳಿನ ಬಗ್ಗೆಯೇ ಜಗಳ ನಡೆಯುತ್ತಿದೆ ಅಂತ ಅವಳಿಗೆ ಗೊತ್ತು, ಏನು ಅಂತ ಮಾತ್ರ ಗೊತ್ತಿಲ್ಲ.

ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯ ಯಜಮಾನ ಮೊನ್ನೆ ಸಂಜೆ ತನ್ನ ಕೋಣೆಯಲ್ಲೇ, ಆಫೀಸಿನ ಚಕ್ರದ ಕುರ್ಚಿಯಲ್ಲೇ, ತಲೆಯ ಹಿಂಬದಿಗೆ ಪೆಟ್ಟು ಬಿದ್ದು ಮೇಜಿನ ಮೇಲೆ ಒರಗಿ ಸತ್ತಿದ್ದ; ಹೊಡೆದದ್ದು ಚುಕ್ಕಿ ಗಾಜು ಉಜ್ಜುವ ಕಬ್ಬಿಣದ ಅಚ್ಚಿನಿಂದ. ಸಬ್‌ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಾಯಿತು. ಇನ್ಸ್‌ಪೆಕ್ಟರಮ್ಮ ಬೆಳಿಗ್ಗೆ ಕಾರ್ಖಾನೆಯ ನೆಲ ನೋಡಿಕೊಂಡು ಸ್ಟೇಷನ್ನಿಗೆ ವಾಪಸ್ ಬರುವಷ್ಟರಲ್ಲಿ ತಪ್ಪೊಪ್ಪಿಗೆ ತಯಾರಾಗಿ ಕೂತಿತ್ತು. ಮಧ್ಯಾಹ್ನ ಕೋರ್ಟು. ಅಲ್ಲಿ ಜಡ್ಜ್ ಮುಂದೆ ಇದೇ ಮೇಷ್ಟ್ರ ಕೈಯಿಂದ ಇದೇ ಮಾತು ಇನ್ನೊಂದು ಸಲ ದಾಟಿದರೆ ಮುಗಿಯಿತು, ಆ ಹುಡುಗಿಯ ಬಾಳು ಜೈಲಲ್ಲೇ ನರೆಯುತ್ತದೆ.

“ಮೇಡಂ, ಕೋಪ ಮಾಡ್ಕೋಬೇಡಿ,” ಅಂದರು ಮೇಷ್ಟ್ರು. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಕೈಸನ್ನೆಯ ಭಾಷೆ ಕಲಿಸುತ್ತಲೇ ತಲೆ ಬೆಳ್ಳಗಾದ ಮನುಷ್ಯ, ತಾಳ್ಮೆಯೇ ತನ್ನ ಒಡವೆ ಅನ್ನುವ ಹಾಗೆ ಮಾತಾಡುತ್ತಿದ್ದರು. “ನಿಮಗೆ ಎಲ್ಲ ಒಂದೇ ಥರ ಕಾಣುತ್ತೆ. ನಮಗೆ ಹಾಗಲ್ಲ. ತಿಳಿಸೋದು ಒಂದು. ವಿವರಿಸೋದು ಒಂದು. ಬಿಡಿಸಿ ಹೇಳೋದು ಬೇರೆ, ತಿಳಿ ಹೇಳೋದು ಬೇರೆ. ಇಂಥವರಿಗೆ ಬರೀ ತಿಳಿಸಿದರೆ ತಲೆಗೆ ಹೋಗಲ್ಲ. ಮನವರಿಕೆ ಮಾಡಬೇಕು.”

“ಇಂಥವರಿಗೆ,” ಅಂದಳು ಇನ್ಸ್‌ಪೆಕ್ಟರಮ್ಮ.

ಸ್ಟೇಷನ್ನಿನಲ್ಲಿ ಹಿಂದಿನಿಂದ ಅವಳನ್ನು ಸಿಡಿಮದ್ದು ಅನ್ನುತ್ತಾರೆ. ಮೂಗಿನ ತುದಿಯಲ್ಲೇ ಕೋಪ. ಆದರೆ ಅವಳ ಕೈಕೆಳಗೆ ಕೆಲಸ ಮಾಡಿದವರಿಗೆ ಇನ್ನೊಂದು ಸಂಗತಿಯೂ ಗೊತ್ತು: ಕೂಗಾಡುವಾಗ ಅವಳಿಂದ ಅಪಾಯವಿಲ್ಲ, ದನಿ ಇಳಿಸಿದಾಗ ದೂರ ನಿಲ್ಲಬೇಕು. ಈಗ ಇಳಿಸಿದಳು.

“ನೀವು ಪಾಠ ಮಾಡಿದ್ರಿ, ನಾನೂ ಒಂದು ಮಾಡ್ತೀನಿ, ಕೇಳಿ. ತಿಳಿಸೋನಿಗೆ ಸುದ್ದಿ ಗೊತ್ತಿದ್ದರೆ ಸಾಕು. ವಿವರಿಸೋನಿಗೆ ಸುದ್ದಿಯ ಒಳಗೇನಿದೆ ಅಂತ ಗೊತ್ತಿರಬೇಕು. ಬಿಡಿಸಿ ಹೇಳೋನಿಗೆ ಗಂಟು ಎಲ್ಲಿ ಬಿದ್ದಿದೆ ಅಂತ ಗೊತ್ತಿರಬೇಕು. ಮನವರಿಕೆ ಮಾಡೋನಿಗೆ ಮಾತ್ರ ಏನೂ ಗೊತ್ತಿರಬೇಕಾಗಿಲ್ಲ, ಹಟ ಒಂದಿದ್ದರೆ ಸಾಕು. ನೀವು ಇವಳಿಗೆ ಏನು ಮಾಡಿದ್ರಿ ಅಂತ ನಾನೇ ಕಣ್ಣಾರೆ ನೋಡಬೇಕು. ಈಗ ನನ್ನೆದುರಿಗೆ ಕೇಳಿ. ಯಜಮಾನರು ಎಲ್ಲಿ ಕೂತಿದ್ದರು? ಬರೀ ಕೇಳಿ. ಒಂದು ಬೆರಳು ಹೆಚ್ಚಾಡಿದರೂ ನನ್ನಷ್ಟು ಕೆಟ್ಟವಳು ಇರಲ್ಲ.”

ಮೇಷ್ಟ್ರು ಭುಜ ಕುಣಿಸಿ ಹುಡುಗಿಯ ಕಡೆ ತಿರುಗಿದರು.

ಇನ್ಸ್‌ಪೆಕ್ಟರಮ್ಮನಿಗೆ ಕೈಮಾತು ಬಾರದು. ಆದರೆ ನಿನ್ನೆ ಇವರಿಬ್ಬರ ಎದುರಿಗೆ ಕೂತು ಒಂದು ಸಂಗತಿ ಕಲಿತಿದ್ದಳು. ಕೋಣೆಯಲ್ಲಿ ನಡೆದದ್ದನ್ನು ಕೈಯಲ್ಲಿ ಹೇಳಬೇಕಾದರೆ ಮೊದಲು ಕೋಣೆಯನ್ನೇ ಕಟ್ಟಬೇಕು. ಇಲ್ಲಿ ಗೋಡೆ, ಇಲ್ಲಿ ಬಾಗಿಲು, ಇಲ್ಲಿ ಇನ್ನೊಂದು ಬಾಗಿಲು ಅಂತ ಗಾಳಿಯಲ್ಲೇ ಒಂದೊಂದಾಗಿ ನಿಲ್ಲಿಸಬೇಕು. ಆಮೇಲೆ ಮನುಷ್ಯರನ್ನು ಒಳಗೆ ಬಿಡಬೇಕು. ಒಂದು ಸಲ ಇಟ್ಟದ್ದು ಮಾತು ಮುಗಿಯುವವರೆಗೂ ಅಲ್ಲೇ ಇರುತ್ತದೆ.

ಮೇಷ್ಟ್ರು ಗೋಡೆ ಎಳೆದರು. ಗಾಜು ಉಜ್ಜುವ ದೊಡ್ಡ ಹಾಲಿಗೆ ಹೋಗುವ ಬಾಗಿಲು ಇಟ್ಟರು. ಹಿಂದಿನ ಮನೆಗೆ ಹೋಗುವ ಬಾಗಿಲು ಇಟ್ಟರು. ಎಡಗಡೆ ಕಿಟಕಿ ತೆರೆದರು. ಆಮೇಲೆ ಎರಡೂ ಅಂಗೈ ಮಲಗಿಸಿ, ಒಂದು ಮೇಜನ್ನು ತಂದು, ಕಿಟಕಿಯ ಕೆಳಗೆ ಇಟ್ಟರು.

ಚುಕ್ಕಿಯ ಹುಬ್ಬು ಗಂಟಾಯಿತು.

ಅವಳು ಮುಂದಕ್ಕೆ ಬಾಗಿ, ಆ ಕಾಣದ ಮೇಜನ್ನು ಎರಡೂ ಕೈಯಿಂದ ಎತ್ತಿ, ಹಾಲಿನ ಗೋಡೆಗೆ ಒತ್ತಿ ಇಟ್ಟಳು. ಮೇಷ್ಟ್ರು ತಲೆಯಾಡಿಸಿ ಮತ್ತೆ ಕಿಟಕಿಗೆ ತಂದರು. ಅವಳು ಮತ್ತೆ ಎತ್ತಿದಳು. ಮೇಷ್ಟ್ರು ಮತ್ತೆ ತಂದು, ಈ ಸಲ ಮೇಜಿನ ಮೇಲೆ ಗುದ್ದಿ, ಇಲ್ಲೇ ಅನ್ನುವಂತೆ ತೋರಿಸಿದರು. ಹುಡುಗಿ ಎದುರಿಗಿದ್ದ ನಿಜವಾದ ಮೇಜಿಗೆ ರಪ್ಪನೆ ಬಡಿದಳು. ಪೆನ್ನು ಸ್ಟ್ಯಾಂಡು ಉರುಳಿಬಿತ್ತು. ಅವಳ ಗಂಟಲಿಂದ ಸದ್ದಲ್ಲದ ಒಂದು ಸದ್ದು ಹೊರಟಿತು.

“ಏನಂತೆ?” ಅಂತ ಕೇಳಿದಳು ಇನ್ಸ್‌ಪೆಕ್ಟರಮ್ಮ.

“ಏನಿಲ್ಲ ಮೇಡಂ. ಗಾಬರಿಗೆ ಕೋಣೆಯೇ ಮರೆತುಹೋಗಿದೆ. ನಾನು ಸ್ವಲ್ಪ ಸ್ಪಷ್ಟಪಡಿಸ್ತಾ ಇದ್ದೆ.”

ಇನ್ಸ್‌ಪೆಕ್ಟರಮ್ಮ ಉರುಳಿದ ಪೆನ್ನುಗಳನ್ನು ನಿಧಾನವಾಗಿ ಎತ್ತಿ ಜೋಡಿಸಿದಳು. ಮುಖದ ಮೇಲೆ ಏನೂ ತೋರಿಸಿಕೊಳ್ಳುವಂತಿರಲಿಲ್ಲ.

ಯಾಕೆ ಅಂದರೆ, ಮೇಜು ಕಿಟಕಿಯ ಕೆಳಗೇ ಇತ್ತು.

ಇದು ಅವಳನ್ನು ಬಿಟ್ಟು ಆ ಸ್ಟೇಷನ್ನಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಪೊಲೀಸರು ಹೋದಾಗ ಮೇಜು ಹಾಲಿನ ಗೋಡೆಗೇ ಒತ್ತಿಕೊಂಡಿತ್ತು, ದಿನಾ ಇರುತ್ತಿದ್ದ ಕಡೆ, ಹೆಣವೂ ಅದರ ಮೇಲೇ ಒರಗಿತ್ತು. ಮೇಜಿನ ಕಿರಿದಾದ ಬದಿ ಗೋಡೆಗೆ, ಹಾಗಾಗಿ ಅಲ್ಲಿ ಕೂತವನ ಬೆನ್ನು ಪಕ್ಕದ ಹಾಲಿನ ಬಾಗಿಲಿಗೆ. ಅಂದರೆ ಹೊಡೆದವರು ಹಾಲಿನಿಂದ ಬಂದವರು, ಹಾಲಿನಲ್ಲಿ ಕೂರುವವಳು ಚುಕ್ಕಿ, ಅಚ್ಚೂ ಅವಳದೇ. ಸಬ್‌ಇನ್ಸ್‌ಪೆಕ್ಟರ ಲೆಕ್ಕ ಸಲೀಸಾಗಿತ್ತು.

ಇನ್ಸ್‌ಪೆಕ್ಟರಮ್ಮ ಇವತ್ತು ಬೆಳಿಗ್ಗೆ ಒಬ್ಬಳೇ ಹೋಗಿ ಆ ನೆಲದ ಮೇಲೆ ಮೊಣಕಾಲೂರಿದ್ದಳು. ಕಿಟಕಿಯ ಕೆಳಗಿನ ಹಾಸುಗಲ್ಲನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು, ಆದರೆ ಅವಸರದಲ್ಲಿ. ಕಲ್ಲಿನ ಸಂದಿಯಲ್ಲಿ ರಕ್ತ ಹರಿದುಬಂದು, ಒಂದು ಕಡೆ ಚೌಕವಾಗಿ ತಿರುಗಿ, ಮುಂದೆ ಹೋಗಿತ್ತು. ಮೇಜಿನ ಕಾಲನ್ನು ಬಳಸಿಕೊಂಡು ಹೋದ ರಕ್ತ. ಅಳೆದು ನೋಡಿದಳು, ಆ ಮೇಜಿನ ಕಾಲೇ. ತಲೆ ಎತ್ತಿದರೆ ಕೋಣೆಯ ಟ್ಯೂಬ್‌ಲೈಟು ಕೆಟ್ಟಿತ್ತು. ಕೆಲಸದವರೆಲ್ಲ ಮನೆಗೆ ಹೋದ ಮೇಲೆ ಯಜಮಾನ ಬೆಳಕು ಸಾಲದೆ ಮೇಜನ್ನು ಕಿಟಕಿಗೆ ಎಳೆದುಕೊಂಡಿದ್ದಾನೆ. ಅಲ್ಲಿ ಅವನ ಬೆನ್ನಿದ್ದದ್ದು ಮನೆಯ ಕಡೆಯ ಬಾಗಿಲಿಗೆ.

ಕೊಂದವರು ಆಮೇಲೆ ಮೇಜನ್ನೂ ಚಕ್ರದ ಕುರ್ಚಿಯನ್ನೂ ತಳ್ಳಿ ಹಳೆಯ ಜಾಗಕ್ಕೆ ಸೇರಿಸಿದ್ದರು. ಹುಡುಗಿಯ ತಲೆಗೆ ಕಟ್ಟಲಿಕ್ಕೆ ಅಷ್ಟು ಬೇಕಿತ್ತು.

ಮನೆಯ ಕಡೆಯಿಂದ ಬರುವವರು ಒಬ್ಬಿಬ್ಬರಲ್ಲ. ಯಜಮಾನನ ತಮ್ಮ, ಮಹಡಿಯ ಬಾಡಿಗೆಯವರು, ಗಾಜು ತಂದುಕೊಡುವ ವ್ಯಾಪಾರಿ, ಎಲ್ಲರಿಗೂ ಅದೇ ದಾರಿ. ಹೆಂಡತಿ ಮಾತ್ರ ಆ ಸಂಜೆ ಪಕ್ಕದ ಬೀದಿಯ ತವರಿನಲ್ಲಿದ್ದೆ ಅಂದಿದ್ದಳು, ತವರಿನವರೂ ಹೌದು ಅಂದಿದ್ದರು. ಯಾರ ಬಾಯಿಂದ ಆ ಮೇಜು ಹೊರಬೀಳುತ್ತದೋ ನೋಡೋಣ ಅಂತ ಇನ್ಸ್‌ಪೆಕ್ಟರಮ್ಮ ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದಿದ್ದಳು. ಅದು ಬಾಯಿಂದ ಬೀಳಲಿಲ್ಲ. ಇಲ್ಲೇ, ಅವಳ ಮೂಗಿನ ಮುಂದೆ, ಮೇಷ್ಟ್ರ ಎರಡು ಅಂಗೈಯಿಂದ ಬಿತ್ತು.

ಸಿಟ್ಟು ನೆತ್ತಿಗೇರಿದಾಗಲೇ ಒಂದು ಕೆಲಸ ಸರಿಯಾಗಿ ಮಾಡಬೇಕು ಅಂತ ಅವಳು ತನ್ನ ಮೇಜಿನ ಮೇಲಿದ್ದದ್ದನ್ನೆಲ್ಲ ಬಳಿದು ಜಾಗ ಮಾಡಿದಳು. ನಡುವೆ ತನ್ನ ಕನ್ನಡಕದ ಡಬ್ಬಿ ಇಟ್ಟಳು, ಯಜಮಾನನ ಮೇಜು ಅಂತ. ಅಡ್ಡಕ್ಕೆ ಸ್ಕೇಲು ಇಟ್ಟು, ತಾವು ಕೂತಿದ್ದ ಕೋಣೆಯ ಕಿಟಕಿಯ ಕಡೆ ಕೈ ತೋರಿಸಿದಳು. ಎರಡು ಬೆಂಕಿಪೊಟ್ಟಣ, ಎರಡು ಬಾಗಿಲು. ಚುಕ್ಕಿಗೆ ಅರ್ಥವಾಗಲಿಕ್ಕೆ ರೆಪ್ಪೆ ಹೊಡೆಯುವಷ್ಟು ಹೊತ್ತೂ ಹಿಡಿಯಲಿಲ್ಲ. ಬೆಂಕಿಪೊಟ್ಟಣಗಳನ್ನು ತಾನೇ ಸರಿಮಾಡಿದಳು. ಕನ್ನಡಕದ ಡಬ್ಬಿಯನ್ನು ಎತ್ತಿ ಹಾಲಿನ ಬಾಗಿಲ ಪಕ್ಕ, ಗೋಡೆಗೆ, ಠಕ್ಕನೆ ಇಟ್ಟಳು.

ಇನ್ಸ್‌ಪೆಕ್ಟರಮ್ಮ ಅದನ್ನು ಬೆರಳಲ್ಲಿ ತಳ್ಳಿ ಸ್ಕೇಲಿನ ಹತ್ತಿರ ತಂದು, ಹುಬ್ಬೇರಿಸಿದಳು.

ಹುಡುಗಿ ಇಲ್ಲ ಅಂತ ತಲೆಯಾಡಿಸಿದಳು. ಮೇಷ್ಟ್ರ ಕಡೆ ಬೆರಳು ತೋರಿಸಿದಳು. ಇವರು ಹೀಗನ್ನುತ್ತಾರೆ, ನಾನಲ್ಲ. ಬೆಳಿಗ್ಗೆಯೂ ಹೀಗೇ ಅಂದರು. ಅದನ್ನು ತಿಳಿಯಲಿಕ್ಕೆ ಯಾರ ಮಧ್ಯಸ್ಥಿಕೆಯೂ ಬೇಕಾಗಲಿಲ್ಲ.

ಅಷ್ಟರಲ್ಲಿ ಆ ಬೆರಳು ಗಾಳಿಯಲ್ಲೇ ನಿಂತಿತು. ಚುಕ್ಕಿ ಡಬ್ಬಿಯನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು, ಮತ್ತೆ ಡಬ್ಬಿಯನ್ನು ನೋಡಿದಳು. ಗೀರು ಸಿಕ್ಕಿದಾಗ ಅವಳ ಮುಖ ಹೀಗೇ ಆಗುತ್ತಿತ್ತೇನೋ. ಬೆಳಿಗ್ಗೆಯಿಂದ ಹೆದರಿ ಮುದುಡಿದ್ದ ಹುಡುಗಿಯ ಮೈಯಲ್ಲಿ ನಡುಕ ಹತ್ತಿತು. ಅದು ಹೆದರಿಕೆಯ ನಡುಕವಲ್ಲ. ಸಿಟ್ಟು. ಅದರ ಗುರುತು ಇನ್ಸ್‌ಪೆಕ್ಟರಮ್ಮನಿಗೆ ಚೆನ್ನಾಗಿತ್ತು.

“ಏನಮ್ಮ, ಒಳಗೆ ಬಾ,” ಅಂತ ಮಹಿಳಾ ಪೇದೆಯನ್ನು ಕರೆದಳು. “ಇವಳನ್ನ ಆಚೆ ಕೂರಿಸು. ಏನಾದರೂ ತಿನ್ನಲಿ. ಆ ಅಕ್ಕ ಊಟ ತಂದಿದ್ದಾರಲ್ಲ, ಇನ್ನೂ ಇದ್ದಾರಾ?”

“ಇದ್ದಾರೆ ಮೇಡಂ. ಬೆಳಿಗ್ಗೆಯಿಂದ ಕದಲಿಲ್ಲ.”

ಅಕ್ಕ ಅಂದರೆ ಸತ್ತವನ ಹೆಂಡತಿ. ಕಾರ್ಖಾನೆಗೆಲ್ಲ ಅಕ್ಕ. ಗಂಡನ ಹೆಣ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಊಟದ ಡಬ್ಬಿ ಹಿಡಿದುಕೊಂಡು ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಳು. ‘ಅವಳು ಏನೇ ಮಾಡಿರಲಿ, ನನ್ನ ಕಣ್ಣೆದುರಿಗೆ ಬೆಳೆದ ಮಗು,’ ಅಂದಿದ್ದಳು. ಅದನ್ನು ಕೇಳಿ ಕಲ್ಲಿನಂಥ ಸಬ್‌ಇನ್ಸ್‌ಪೆಕ್ಟರು ಕೂಡ ಮೂಗು ಒರೆಸಿಕೊಂಡಿದ್ದ. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಕೆಲಸ ಮಾಡಿ ಹುಡುಗಿಯಿಂದಲೇ ಕೈಮಾತು ಕಲಿತವಳು. ಹುಡುಗಿಯನ್ನು ಸಮಾಧಾನ ಮಾಡಲು ಬಲ್ಲವರು ಬೇರೆ ಯಾರಿದ್ದಾರೆ?

ಪೇದೆ ಬಾಗಿಲಲ್ಲಿ ತಡವರಿಸಿದಳು. “ಮೇಡಂ, ಅವರು ಒಂದು ಶಾಲೂ ತಂದಿದ್ದಾರೆ. ಉದ್ದದ್ದು. ಕೊಡಬಹುದಾ? ನಮ್ಮಲ್ಲಿ ಬೆಲ್ಟು, ದಾರ, ಶಾಲು ಏನೂ...”

“ಮಗು ನಡುಗ್ತಾ ಇದೆ, ಕಾಣಲ್ವಾ? ಹೊದಿಸು. ಬಾಗಿಲು ಹಾಕ್ಕೊಂಡು ಹೋಗು.”

ಬಾಗಿಲು ಮುಚ್ಚಿತು. ಇನ್ಸ್‌ಪೆಕ್ಟರಮ್ಮ ಕುರ್ಚಿ ಎಳೆದು ಮೇಷ್ಟ್ರ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

“ಆ ಕೋಣೆಗೆ ಯಾವತ್ತಾದರೂ ಹೋಗಿದ್ರಾ?”

“ಯಾವ ಕೋಣೆಗೆ? ಇಲ್ಲ.”

“ಕಾರ್ಖಾನೆಗೆ?”

“ಒಂದು ಸಲವೂ ಇಲ್ಲ. ನನ್ನ ಕನ್ನಡಕ ಬೇರೆ ಕಡೆಯದು.” ಹಾಸ್ಯ ಮಾಡಲು ಹೋದರು, ಆಗಲಿಲ್ಲ.

“ಹಾಗಾದರೆ ಮೇಜನ್ನ ಕಿಟಕಿ ಕೆಳಗೆ ಯಾಕೆ ಇಟ್ರಿ?”

“ನಾನು ಮೇಜು ಇಟ್ಟಿಲ್ಲ ಮೇಡಂ. ನಾನು ಏನನ್ನೂ ಮುಟ್ಟಿಲ್ಲ. ಆ ಮೇಜನ್ನ ನಾನು ಸರಿಸಿಲ್ಲ.”

“ಯಾರೋ ಸರಿಸಿದ್ರು ಅಂತ ನಾನು ಹೇಳಲೇ ಇಲ್ಲವಲ್ಲ.” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ, ಈ ಮನುಷ್ಯ ಎರಡೂ ಹೆಗಲನ್ನು ಒರೆಸಿಕೊಳ್ಳುತ್ತಿದ್ದ. “ಈಗ ಇಲ್ಲಿ, ನನ್ನ ಮುಂದೆ, ಗಾಳಿಯಲ್ಲಿ ಇಟ್ರಲ್ಲ, ಆ ಮೇಜಿನ ಮಾತು. ಅವಳು ಎತ್ತಿದಾಗೆಲ್ಲ ತಂದು ಮತ್ತೆ ಅಲ್ಲೇ ಇಟ್ರಿ. ಗುದ್ದಿ ಇಟ್ರಿ.”

“ಅದು... ಅದು ಒಂದು ಅನುಕೂಲಕ್ಕೆ ಮೇಡಂ. ಸಾಮಾನ್ಯವಾಗಿ ಮೇಜು ಕಿಟಕಿ ಹತ್ತಿರ ಇರುತ್ತಲ್ಲ, ಬೆಳಕಿಗೆ. ನಾವು ಕೈಮಾತಲ್ಲಿ ಎಲ್ಲೋ ಒಂದು ಕಡೆ ಇಡಲೇಬೇಕು. ಅದಕ್ಕೆ ಬೇರೆ ಅರ್ಥ ಇಲ್ಲ. ಭಾಷೆಯ ರೀತಿಯೇ ಹಾಗೆ. ನೀವು ಅಪಾರ್ಥ...”

“ಇದು ವಿವರಣೆ ಅಲ್ಲ ಮೇಷ್ಟ್ರೇ. ಇದು ಸಮಜಾಯಿಷಿ. ವ್ಯತ್ಯಾಸ ಗೊತ್ತಾ? ವಿವರಣೆ ಕೊಡೋರು ಮುಖ ನೋಡಿ ಕೊಡ್ತಾರೆ. ಸಮಜಾಯಿಷಿ ಕೊಡೋರು ಬಾಗಿಲು ನೋಡ್ತಾ ಕೊಡ್ತಾರೆ. ನೀವು ಆಗಲಿಂದ ಬಾಗಿಲು ನೋಡ್ತಾ ಇದ್ದೀರಿ.”

ಮೇಷ್ಟ್ರು ತಟ್ಟನೆ ಬಾಗಿಲಿಂದ ಕಣ್ಣು ಕಿತ್ತರು.

“ಮೊನ್ನೆ ಸಂಜೆ ಮೇಜು ಕಿಟಕಿ ಕೆಳಗೇ ಇತ್ತು,” ಅಂದಳು ಇನ್ಸ್‌ಪೆಕ್ಟರಮ್ಮ. “ಹೆಣ ಸಿಗುವಾಗ ಇರಲಿಲ್ಲ. ಕೆಲಸದವರು ಮನೆಗೆ ಹೋಗುವಾಗಲೂ ಇರಲಿಲ್ಲ. ನಡುವೆ ಒಂದು ಗಳಿಗೆ ಇತ್ತು. ಅದು ಅಲ್ಲಿತ್ತು ಅಂತ ಬಲ್ಲವರು ಈ ಭೂಮಿ ಮೇಲೆ ಇಬ್ಬರೇ. ನಾನು, ಕೊಂದವರು. ನಾನು ಕೊಂದಿಲ್ಲ.”

ಮೇಷ್ಟ್ರ ಮುಖದಲ್ಲಿ ರಕ್ತ ಇಂಗಿಹೋಯಿತು. ಅಷ್ಟು ಹೊತ್ತು ಒರೆಸಿ ಒರೆಸಿ ಇಟ್ಟುಕೊಂಡಿದ್ದ ಬೆರಳುಗಳು ಕರವಸ್ತ್ರವನ್ನು ಹಿಂಡತೊಡಗಿದವು.

“ಹುಡುಗಿಯೇ ಹೇಳಿದ್ದು ಮೇಡಂ.”

“ಸುಳ್ಳು. ಹುಡುಗಿ ಗೋಡೆಗೆ ಇಟ್ಟಳು. ನಾನು ನೋಡಿದ್ದೀನಿ.”

“ಅಲ್ಲ... ಹುಡುಗಿ ಹೇಳಿದ್ದನ್ನ ನನಗೆ ಹೇಳಿದ್ರು. ಅಂದ್ರೆ ನನಗೆ ನೇರವಾಗಿ ಅಲ್ಲ. ಅವಳು ಅವರ ಹತ್ತಿರ ಎಲ್ಲ ಹೇಳಿಕೊಂಡು ಅತ್ತಳಂತೆ. ಪೊಲೀಸರ ಮುಂದೆ ಹೆದರಿ ಇಲ್ಲ ಅಂತಾಳೆ, ನೀವು ತಿಳಿ ಹೇಳಿ, ಒಪ್ಪಿಕೊಂಡರೆ ಶಿಕ್ಷೆ ಕಡಿಮೆ ಆಗುತ್ತೆ ಅಂತ ಕೈ ಹಿಡ್ಕೊಂಡು ಬೇಡಿದ್ರು. ಕಣ್ಣಲ್ಲಿ ನೀರಿತ್ತು ಮೇಡಂ. ನಾನು ನಂಬಿದೆ. ಯಾರಾದರೂ ನಂಬ್ತಿದ್ದರು. ಹುಡುಗಿಗೆ ಒಳ್ಳೇದಾಗಲಿ ಅಂತಲೇ ನಾನು...”

“ಮನವರಿಕೆ ಮಾಡಿದ್ರಿ.”

ಅವರು ತಲೆ ತಗ್ಗಿಸಿದರು.

“ಅವಳು ಇಲ್ಲ ಇಲ್ಲ ಅಂತ ಎಷ್ಟು ಸಲ ಅಂದಳು?”

ಮೇಷ್ಟ್ರು ಕರವಸ್ತ್ರವನ್ನು ಬಿಡಿಸಿ ಮತ್ತೆ ಮಡಿಸಿದರು.

“ಅವಳು ಇಲ್ಲ ಅಂದಾಗೆಲ್ಲ ಅದು ನಿಮಗೆ ಭಯ ಅಂತ ಕಾಣ್ತು. ಗೊಂದಲ ಅಂತ ಕಾಣ್ತು. ಇಲ್ಲ ಅಂತ ಮಾತ್ರ ಕಾಣಲಿಲ್ಲ. ಮೂವತ್ತು ವರ್ಷ ಕಿವಿ ಕೇಳದ ಮಕ್ಕಳ ಜೊತೆ ಇದ್ದು ನಿಮ್ಮ ಕಿವಿ ಯಾವಾಗ ಹೋಯ್ತು ಮೇಷ್ಟ್ರೇ?”

ಅದು ಕಟುವಾದ ಮಾತು. ಅವರ ಕಣ್ಣಂಚು ಒದ್ದೆಯಾಯಿತು. ಇನ್ಸ್‌ಪೆಕ್ಟರಮ್ಮನಿಗೆ ಕನಿಕರ ಬರಲಿಲ್ಲ. ಕದಡಿದ ನೀರು ತಾನಾಗಿ ತಿಳಿಯಾಗಬೇಕು. ಕೈ ಹಾಕಿ ತಿಳಿ ಮಾಡ್ತೀನಿ ಅನ್ನುವವರು ಇನ್ನಷ್ಟು ಕದಡುತ್ತಾರೆ, ಆಮೇಲೆ ಕೂತು ಅಳುತ್ತಾರೆ. ಅಳಲಿ.

“ಯಾರು ಬಂದದ್ದು?”

“ಗುಟ್ಟಾಗಿರಲಿ ಅಂದಿದ್ರು. ಹುಡುಗಿಗೆ ಗೊತ್ತಾದರೆ ನೊಂದ್ಕೋತಾಳೆ ಅಂತ. ನಾನು ಮಾತು ಕೊಟ್ಟಿದ್ದೀನಿ.”

“ಸರಿ. ಹೆಸರು ಬೇಡ. ಇನ್ನೊಂದು ಹೇಳಿ. ಅವರು ನಿಮಗೆ ಬಾಯಲ್ಲಿ ಹೇಳಿದ್ರಾ, ಕೈಯಲ್ಲಾ?”

ಮೇಷ್ಟ್ರು ಗಲಿಬಿಲಿಗೊಂಡು ನೋಡಿದರು. ಇಂಥ ಪ್ರಶ್ನೆ ಬರಬಹುದು ಅಂತ ಅವರು ಎಣಿಸಿರಲಿಲ್ಲ.

“ಕೈಯಲ್ಲಿ. ನಿನ್ನೆ ಸಂಜೆ ಶಾಲೆಯ ಪಡಸಾಲೆಯಲ್ಲಿ ನಿಂತಿದ್ದೆವು, ಸುತ್ತ ಜನ. ಗೋಡೆಗೂ ಕಿವಿ ಇರುತ್ತೆ, ಕೈಯಲ್ಲೇ ಹೇಳ್ತೀನಿ ಅಂದರು. ಅಲ್ಲಿದ್ದ ಮಕ್ಕಳ ಕಡೆ ಬೆನ್ನು ತಿರುಗಿಸಿ ನಿಂತು ಹೇಳಿದ್ರು.”

“ಕೋಣೆ ಕಟ್ಟಿ ಹೇಳಿದ್ರಾ?”

“ಕಟ್ಟದೆ ಹೇಗೆ ಹೇಳೋಕಾಗುತ್ತೆ ಮೇಡಂ? ಗೋಡೆ, ಬಾಗಿಲು...” ಅವರ ಕೈಗಳು ತಮ್ಮಷ್ಟಕ್ಕೆ ಎದ್ದವು. ಗೋಡೆ. ಒಂದು ಬಾಗಿಲು. ಇನ್ನೊಂದು ಬಾಗಿಲು. ಕಿಟಕಿ. ಎರಡೂ ಅಂಗೈ ಮಲಗಿದವು, ಕಿಟಕಿಯ ಕೆಳಗೆ ಹೋಗಿ, ನಿಂತವು. ಮೇಷ್ಟ್ರು ತಮ್ಮ ಕೈಗಳನ್ನೇ ನೋಡುತ್ತ ಕೂತರು. “ಅವರು ಇಟ್ಟ ಕಡೆಯೇ ನಾನೂ ಇಟ್ಟೆ,” ಅಂದರು, ಪಿಸುದನಿಯಲ್ಲಿ. “ಮೊದಲು ಕೇಳಿದ ಕೋಣೆಯೇ ಕೈಯಲ್ಲಿ ಕೂತುಬಿಡುತ್ತೆ. ಅವಳು ಸರಿಸಿದಾಗ ನಾನು... ನಾನು ತಪ್ಪು ತಿದ್ದುತ್ತಾ ಇದ್ದೀನಿ ಅಂದ್ಕೊಂಡೆ.”

ಇನ್ಸ್‌ಪೆಕ್ಟರಮ್ಮ ಕಣ್ಣು ಮುಚ್ಚಿ ತೆರೆದಳು.

ಬಾಯಿ ಜಾಣ. ‘ಅವರು ಮೇಜಿನ ಮುಂದೆ ಕೂತಿದ್ದರು’ ಅಂದು ಮುಂದಕ್ಕೆ ಹೋಗುತ್ತದೆ, ಮೇಜು ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಕೈಗೆ ಆ ಸೌಕರ್ಯ ಇಲ್ಲ. ಕೈ ಅದನ್ನು ಎಲ್ಲಾದರೂ ಇಡಲೇಬೇಕು. ಇಡೀ ಕಥೆ ಕಟ್ಟಿ ತಂದವರು ಕೂಡ, ಮೇಜು ಇಡುವ ಆ ಒಂದು ಕ್ಷಣದಲ್ಲಿ, ತಾವು ಕಂಡ ಕಡೆಯೇ ಇಟ್ಟಿದ್ದರು.

ಈ ಊರಿನಲ್ಲಿ ಕೈಮಾತು ಬಲ್ಲವರು ಮೇಷ್ಟ್ರ ಶಾಲೆಯ ಹೊರಗೆ ಎಷ್ಟು ಜನ? ಚುಕ್ಕಿಯ ಪಕ್ಕ ವರ್ಷಗಟ್ಟಲೆ ಕೂತು ಕಲಿತವರು ಎಷ್ಟು ಜನ? ಮನೆಯ ಕಡೆಯ ಬಾಗಿಲಿಂದ ಬಂದರೆ ಕೂತವನು ಹಿಂದಿರುಗಿ ಕೂಡ ನೋಡದಷ್ಟು ಸಲಿಗೆ ಇದ್ದವರು ಎಷ್ಟು ಜನ?

“ಅಕ್ಕ,” ಅಂದಳು.

ಮೇಷ್ಟ್ರ ಕೈಗಳು ಗಾಳಿಯಲ್ಲಿಟ್ಟ ಮೇಜನ್ನು ಬಿಟ್ಟು ಮಡಿಲಿಗೆ ಬಿದ್ದವು.

ಮೊದಲು ಅವಳಿಗೆ ಬಂದದ್ದು ಸಿಟ್ಟು. ತವರಿನವರ ಮೇಲೆ, ಮೂಗು ಒರೆಸಿಕೊಂಡ ಸಬ್‌ಇನ್ಸ್‌ಪೆಕ್ಟರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಬೆಂಚನ್ನು ದಾಟಿಹೋಗುವಾಗೆಲ್ಲ ಪಾಪ ಅಂದುಕೊಂಡ ತನ್ನ ಮೇಲೆ. ಆಮೇಲೆ ಸಿಟ್ಟಿನ ಹಿಂದೆಯೇ ಇನ್ನೊಂದು ಬಂತು. ಭಯ.

ತಪ್ಪೊಪ್ಪಿಗೆ ಆಗಿದೆ. ತಪ್ಪು ಒಪ್ಪಿಕೊಂಡ ಹುಡುಗಿ ನಾಚಿಕೆಗೋ ಪಶ್ಚಾತ್ತಾಪಕ್ಕೋ ಸ್ಟೇಷನ್ನಿನಲ್ಲೇ ಕುತ್ತಿಗೆಗೆ ಏನಾದರೂ ಬಿಗಿದುಕೊಂಡರೆ ಯಾರು ಪ್ರಶ್ನೆ ಕೇಳುತ್ತಾರೆ? ಕೇಸು ಅಲ್ಲಿಗೆ ಮುಗಿಯಿತು. ಬೇಕಾದದ್ದು ಒಂದು ಉದ್ದನೆಯ ಬಟ್ಟೆ, ಅಷ್ಟೆ.

ಹೊದಿಸು ಅಂತ ಹೇಳಿದವಳು ತಾನೇ.

ಕುರ್ಚಿ ಹಿಂದಕ್ಕೆ ಬಿತ್ತು. ಇನ್ಸ್‌ಪೆಕ್ಟರಮ್ಮ ಬಾಗಿಲು ತಳ್ಳಿಕೊಂಡು ಪಡಸಾಲೆಗೆ ಬಂದಳು. ಬೆಂಚು ಖಾಲಿಯಿತ್ತು. ಊಟದ ಡಬ್ಬಿ ಮುಚ್ಚಳ ತೆಗೆಯದೆ ಹಾಗೇ ಇತ್ತು. ಮಹಿಳಾ ಪೇದೆ ಆ ಕಡೆಯಿಂದ ಲೋಟದಲ್ಲಿ ನೀರು ತುಳುಕದಂತೆ ನಿಧಾನವಾಗಿ ನಡೆದುಬರುತ್ತಿದ್ದಳು.

“ಎಲ್ಲಿ ಅವಳು?”

“ಇಲ್ಲೇ ಮೇಡಂ, ಮುಖ ತೊಳಸ್ತೀನಿ ಅಂತ ಅಕ್ಕ ಹಿಂದೆ ಕರ್ಕೊಂಡು ಹೋದರು. ಬಿಸಿನೀರು ಬೇಕು, ತಂದುಕೊಡಮ್ಮ ಅಂದರು.” ಪೇದೆ ನಕ್ಕಳು, ಒಳ್ಳೆಯ ಸುದ್ದಿ ಹೇಳುವವರ ಹಾಗೆ. “ಹುಡುಗಿ ಎಷ್ಟು ಚೇತರಿಸಿಕೊಂಡಳು ಗೊತ್ತಾ ಮೇಡಂ. ಆಚೆ ಬಂದವಳೇ ಅಕ್ಕನ ಮುಂದೆ ಕೂತು, ಕೈ ಬೀಸಿ ಬೀಸಿ, ಏನೇನೋ ಬಿಡಿಸಿ ಬಿಡಿಸಿ ಹೇಳಿದಳು. ನಿಮ್ಮ ಕೋಣೆ ಕಡೆ ತೋರಿಸೋದು, ಆಮೇಲೆ ಹೀಗೆ, ಹೀಗೆ...”

ಪೇದೆ ಲೋಟವನ್ನು ಬೆಂಚಿನ ಮೇಲಿಟ್ಟಳು. ಏನು ಮಾಡುತ್ತಿದ್ದೇನೆ ಅಂತ ಅವಳಿಗೆ ಗೊತ್ತಿರಲಿಲ್ಲ. ಎರಡೂ ಅಂಗೈಯನ್ನು ಮಲಗಿಸಿ, ಕಾಣದ ಏನನ್ನೋ ಎತ್ತಿ, ಎಡಗಡೆಗೆ ತಂದು, ಮೆಲ್ಲಗೆ ಇಟ್ಟಳು.

“ಅಕ್ಕ ಏನು ಮಾಡಿದರು?”

“ಏನಿಲ್ಲ ಮೇಡಂ. ಹೂಂ ಹೂಂ ಅಂತ ತಲೆಯಾಡಿಸಿ, ಎಲ್ಲ ಕೇಳಿಸಿಕೊಂಡರು. ಶಾಲು ಸರಿಯಾಗಿ ಹೊದಿಸಿ ಎಬ್ಬಿಸಿದರು.”

ಇನ್ಸ್‌ಪೆಕ್ಟರಮ್ಮ ಓಡಿದಳು. ಫೈಲಿನ ಕಪಾಟು ದಾಟಿ, ಸೈಕಲ್ಲು ನಿಲ್ಲಿಸುವ ಅಂಗಳ ದಾಟಿ, ಹಿಂದಿನ ಬಚ್ಚಲ ಮನೆಗೆ. ಕಬ್ಬಿಣದ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ನಲ್ಲಿ ಪೂರ್ತಿ ತಿರುಗಿಸಿಟ್ಟಿದ್ದರು, ನೀರು ಬಕೆಟ್ಟಿಗೆ ಬೀಳುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

ಅವಳು ಎರಡೂ ಮುಷ್ಟಿಯಿಂದ ಬಾಗಿಲು ಬಡಿದಳು. “ಚುಕ್ಕಿ, ಬಾಗಿಲು ತೆಗಿ,” ಅಂತ ಗಂಟಲು ಹರಿಯುವ ಹಾಗೆ ಕೂಗಿದಳು. ಇನ್ನೊಂದು ಸಲ ಕೂಗುವಷ್ಟರಲ್ಲಿ ಬಡಿಯುತ್ತಿದ್ದ ಕೈ ತಾನಾಗಿ ನಿಂತಿತು.

ಒಳಗಿದ್ದವರು ಇಬ್ಬರು. ಈ ಸದ್ದು ಅವರಲ್ಲಿ ಒಬ್ಬರಿಗೆ ಮಾತ್ರ ಕೇಳಿಸುತ್ತಿತ್ತು, ಬಾಗಿಲು ತೆಗೆಯುವವರು ಅವರಲ್ಲ.